ತಾಳೆಮರ ಬೆಲೆಯಲ್ಲಿ ಸೇರಿರಲಿಲ್ಲ

"ಗುರುಗಳೇ, ಕಡಲ ದಂಡೆಯ ಪುಟ್ಟ ಊರೊಂದರಲ್ಲಿ ಮನೆ ಗೊತ್ತುಮಾಡಿದ್ದೇನೆ. ಗೋಡೆ ನೋಡಿದೆ, ಹೆಂಚು ನೋಡಿದೆ, ಬಾವಿಯ ನೀರು ಕುಡಿದು ನೋಡಿದೆ, ಕಾಗದಪತ್ರ ನೋಡಿದೆ. ಕಿಟಕಿ ತೆರೆದರೆ ಎದುರಿಗೇ ಕಡಲು. ಇನ್ನು ನೋಡಬೇಕಾದ್ದು ಏನಾದರೂ ಉಳಿದಿದೆಯೇ?"

ಶಿಷ್ಯ ಇದನ್ನು ಒಂದೇ ಉಸಿರಿನಲ್ಲಿ ಕೇಳಿದ. ಸಂಭ್ರಮದಲ್ಲಿ ಕೂರುವುದನ್ನೂ ಮರೆತಿದ್ದ. ಮನೆ ಕಟ್ಟಿ ನೋಡು ಎಂದ ಹಿರಿಯರು ಕೊಂಡು ನೋಡು ಎನ್ನುವುದನ್ನು ಮರೆತರು, ಮೊದಲು ಕೂತುಕೋ ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಘಟ್ಟದ ಮೇಲಿನವನು. ಐವತ್ತು ವರ್ಷವಾದರೂ ಕಡಲು ಕಂಡವನಲ್ಲ. ಒಮ್ಮೆ ಒಣಮೆಣಸಿನಕಾಯಿ ಮಾರಲು ಘಟ್ಟ ಇಳಿದು, ನದಿ ಕಡಲಿಗೆ ಸೇರುವ ಅಳಿವೆಯ ಪಕ್ಕದ ಸಣ್ಣ ಊರಿಗೆ ಬಂದ. ಕಡಲನ್ನು ಕಂಡವನೇ ಮೆಣಸಿನಕಾಯಿಯನ್ನು ಮರೆತ. ದಂಡೆಯ ಮೇಲೆ ಒಂದು ಮಹಡಿಮನೆ ಮಾರಾಟಕ್ಕಿತ್ತು. ಅಂದೇ ಮಾತು ಮುಗಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಜನ ಹೇಳುತ್ತಾರೆ. ನಾನು ಹೇಳುವುದಿಲ್ಲ. ಮೊದಲ ಸಲ ಕಡಲು ಕಂಡು ಕುಣಿಯದವನನ್ನು ಕಂಡರೆ ನನಗೆ ಭಯ.

ಮನೆ ಮಾರಿದವಳು ಒಬ್ಬ ಮುದುಕಿ. ಬೀಗದಕೈ ಕೊಡುವಾಗ ಅವಳು ಅಂಗಳದಲ್ಲಿದ್ದ ಎತ್ತರದ ತಾಳೆಮರವನ್ನು ತೋರಿಸಿದಳು.

"ಮನೆ ನಿಮ್ದು. ಈ ಮರ ಮಾತ್ರ ಕೊಡ್ಲಿಕ್ಕೆ ಆಗುದಿಲ್ಲ. ಇದು ನನ್ನದಲ್ಲ, ಕಡಲಿಗೆ ಹೋಗುವವರದ್ದು."

ವ್ಯಾಪಾರಿ ಒಳಗೊಳಗೇ ನಕ್ಕ. ಇಂಥ ಮಾತನ್ನು ಅವನು ಸಂತೆಯಲ್ಲಿ ಎಷ್ಟು ಕೇಳಿರಲಿಲ್ಲ! ಮರಕ್ಕೆ ಬೇರೆ ಬೆಲೆ ಎತ್ತುವ ಉಪಾಯ ಇದು ಎಂದುಕೊಂಡು, ಮೇಲೊಂದು ಕೆಂಪು ಸೀರೆಯನ್ನು ಅವಳ ಕೈಗಿಡಲು ಹೋದ. ಮುದುಕಿ ಸೀರೆ ಮುಟ್ಟದೆ ನಡೆದುಬಿಟ್ಟಳು. ಸೀರೆ ಮನೆಯಲ್ಲೇ ಉಳಿಯಿತು.

ಗೃಹಪ್ರವೇಶವಾಯಿತು. ಅಂಗಳದಲ್ಲಿ ಬಿದಿರಿನ ಚಪ್ಪರ, ಘಟ್ಟದ ಮೇಲಿಂದ ಬಂದ ನೆಂಟರು, ಪಾಯಸ. ವ್ಯಾಪಾರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರನ್ನೆಲ್ಲ ಮಹಡಿಗೆ ಕರೆದೊಯ್ದು, ನೋಡಿ ನನ್ನ ಕಡಲು ಎಂದು ತೋರಿಸಿದ. ಒಂದೇ ಕೊರತೆ. ತಾಳೆಮರ ಕಿಟಕಿಯ ನಟ್ಟನಡುವೆ ನಿಂತು ಕಡಲನ್ನು ಎರಡು ಹೋಳು ಮಾಡಿತ್ತು. ಕಡಿಯಲು ಊರಿನವರನ್ನು ಕರೆದ. ಯಾರೂ ಕೊಡಲಿ ಎತ್ತಲಿಲ್ಲ. ಕೂಲಿ ಏರಿಸುವ ಆಟ ಎಂದು ಅವನು ಇದನ್ನೂ ಲೆಕ್ಕ ಹಾಕಿದ. ಬೆಲೆಯ ಮಾತು ಬಿಟ್ಟು ಬೇರೆ ಮಾತು ಅವನ ಕಿವಿಗೆ ಇಳಿಯುತ್ತಿರಲಿಲ್ಲ. ಗೃಹಪ್ರವೇಶವಾದ ಮೂರನೆಯ ದಿನ ಘಟ್ಟದ ಆಳುಗಳೇ ಬಂದರು. ದೋಣಿಗಳು ಕಡಲಿಗೆ ಹೋದ ಮೇಲೆ, ಬೆಳಗಿನ ಹೊತ್ತಿನಲ್ಲಿ ಮರ ಉರುಳಿತು.

ಆ ಸಂಜೆ ವ್ಯಾಪಾರಿ ಹೆಂಡತಿಯೊಡನೆ ಕಿಟಕಿಯಲ್ಲಿ ಕೂತ. ಇಡೀ ಕಡಲು ಅವನದಾಗಿತ್ತು. ಗಾಳಿ ಏಳುತ್ತಿತ್ತು. ಏಳು ದೋಣಿಗಳು ದಡದ ಹತ್ತಿರ ಬಂದವು, ತಿರುಗಿದವು, ಮತ್ತೆ ಬಂದವು, ಮತ್ತೆ ತಿರುಗಿದವು. ನಮಗಾಗಿ ಆಟ ತೋರಿಸುತ್ತಿದ್ದಾರೆ ಎಂದು ಅವನು ಎದ್ದು ನಿಂತು ಕೈ ಬೀಸಿದ.

ಅಷ್ಟರಲ್ಲಿ, ಬೆಳಗ್ಗೆಯೇ ಮೀನು ಮಾರಲು ಸಂತೆಗೆ ಹೋಗಿ ಆಗಷ್ಟೇ ಮರಳಿದ್ದ ಊರ ಹೆಂಗಸರು ಅಂಗಳಕ್ಕೆ ಓಡಿ ಬಂದರು. ಬಿದ್ದ ಮರ ಕಂಡು ಒಬ್ಬಳು ಕಿಟಕಿಯತ್ತ ಕೂಗಿ ಹೇಳಿದಳು. ಅಳಿವೆಯ ಬಾಯಲ್ಲಿ ನೀರಿನಡಿ ಮರಳ ದಿಬ್ಬಗಳಿವೆ. ನಡುವೆ ದೋಣಿ ನುಗ್ಗುವಷ್ಟೇ ದಾರಿ. ಅದು ಕಣ್ಣಿಗೆ ಕಾಣುವುದಿಲ್ಲ. ಈ ಮರವೂ ಹಿಂದಿನ ಗುಡ್ಡದ ಬಿಳಿ ಬಂಡೆಯೂ ಒಂದೇ ಗೆರೆಯಲ್ಲಿ ಬಂದಾಗ ದೋಣಿಯನ್ನು ನೇರ ಒಳಗೆ ಬಿಡಬೇಕು. ಒಂದು ಮಾರು ತಪ್ಪಿದರೂ ದಿಬ್ಬಕ್ಕೆ ಬಡಿದು ದೋಣಿ ಮಗುಚುತ್ತದೆ. ಬೆಳಕು ಹೋದರೆ ಬಂಡೆಯೂ ಕಾಣುವುದಿಲ್ಲ. ನನ್ನ ಗಂಡ, ಇಬ್ಬರು ಮೈದುನರು ಅಲ್ಲಿದ್ದಾರೆ ಎಂದಳು.

ವ್ಯಾಪಾರಿ ಮಹಡಿಯಿಂದ ಅಂಗಳಕ್ಕೆ ಓಡಿ ಇಳಿದ. ಅವನು ಆತುರಗಾರ ನಿಜ, ಆ ಗುಣವೇ ಈಗ ಊರನ್ನು ಕಾಯಿತು. ಬೇರೆಯವರು ಅಳುವಷ್ಟರಲ್ಲಿ ಅವನು ಚಪ್ಪರ ಕಿತ್ತಿದ್ದ. ಎರಡು ಉದ್ದದ ಬಿದಿರನ್ನು ತುದಿಗೆ ತುದಿ ಸೇರಿಸಿ ಬಿಗಿದ. ಮುದುಕಿ ಮುಟ್ಟದೆ ಬಿಟ್ಟ ಕೆಂಪು ಸೀರೆಯನ್ನು ಮೇಲೆ ಕಟ್ಟಿದ. ಮರದ ಬುಡ ಇನ್ನೂ ಹಸಿಯಾಗಿತ್ತು. ಅದರ ಮೇಲೆಯೇ ಹತ್ತಿ ನಿಂತು ಬಿದಿರನ್ನು ಎದೆಗೆ ಅವುಚಿಕೊಂಡ. ಹೆಂಗಸರು ನಾಲ್ಕು ದಿಕ್ಕಿಗೆ ಹಗ್ಗ ಎಳೆದು ಹಿಡಿದರು.

ಸೀರೆ ಬಿಚ್ಚಿಕೊಂಡು ಪಟಪಟ ಹಾರಿತು. ದೋಣಿಗಳು ಅದನ್ನು ಕಂಡವು. ಮೊದಲನೆಯದು ಮೂತಿ ತಿರುಗಿಸಿ ಅಲೆಯ ಮೇಲೇರಿ ಒಳಗೆ ನುಗ್ಗಿತು. ದಂಡೆಯ ಜನ ಒಂದು ಎಂದು ಕೂಗಿದರು. ಎರಡು. ಮೂರು. ವ್ಯಾಪಾರಿಯ ಅಂಗೈ ಸುಲಿದುಹೋಯಿತು, ಅವನೂ ಜನರ ಜೊತೆ ಕೂಗಿದ. ಆರರ ನಂತರ ಬಹಳ ಹೊತ್ತು ಕೂಗಿಲ್ಲ. ಬೆಳಕು ಇನ್ನೇನು ಆರಬೇಕು ಎನ್ನುವಾಗ ಏಳನೆಯದು ಬಂತು. ಅವನು ಬಿದಿರು ಬಿಟ್ಟು ಬುಡದ ಮೇಲೆ ಕುಸಿದು ಮಗುವಿನಂತೆ ಅತ್ತ. ಅದು ಸಂತೋಷದ ಅಳು.

ಅವನನ್ನು ಯಾರೂ ಬಯ್ಯಲಿಲ್ಲ. ದೋಣಿಯವರ ಹಿರಿಯ ಒಬ್ಬ ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದು, ನಾಳೆಯೂ ನಾವು ಕಡಲಿಗೆ ಹೋಗುತ್ತೇವೆ ಎಂದಷ್ಟೇ ಹೇಳಿ ಹೋದ.

ವ್ಯಾಪಾರಿ ಅದೇ ಬುಡದ ಪಕ್ಕದಲ್ಲಿ ತಾಳೆಯ ಬೀಜ ಊರಿದ. ಅದು ಎತ್ತರವಾಗುವುದನ್ನು ನೋಡಲು ತಾನಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಲ್ಲಿಯವರೆಗೆ ಕಂಬ ನೆಟ್ಟು, ಪ್ರತಿದಿನ ಸೀರೆ ಏರಿಸಿದ. ಕಡಲು ಕಂಡು ಕುಣಿಯುವುದನ್ನು ಮಾತ್ರ ಬಿಡಲಿಲ್ಲ. ಏಳನೆಯ ದೋಣಿ ಒಳಗೆ ಬಂದ ಮೇಲೆ ಕುಣಿಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸಣ್ಣದಾಯಿತು.

"ಹಾಗಾದರೆ ನಾನು ಆ ಮನೆ ಕೊಳ್ಳಬಾರದೇ, ಗುರುಗಳೇ?"

"ಧಾರಾಳವಾಗಿ ಕೊಳ್ಳು. ಮನೆಯಿಂದ ಕಡಲನ್ನು ನೋಡಿ ಬಂದೆಯಲ್ಲ, ಒಮ್ಮೆ ಕಡಲಿನಿಂದ ಮನೆಯನ್ನು ನೋಡಿ ಬಾ."