ಸೆರಗಿನ ಮೂಲೆಯ ಗುರುತು

ಇಂದುಧರ ಹೊಳೆದಂಡೆಯ ಮನೆಗೆ ಬಂದಾಗ ಅವನಿಗೆ ಚಿತ್ರ ಕಲಿಸಿದ ಗುರುಗಳು ಜಗಲಿಯಲ್ಲಿ ಕುಂಚ ತೊಳೆಯುತ್ತಿದ್ದರು. ಚಾಪೆ ತೋರಿಸಿದರು. ಅವನು ಕೂರಲಿಲ್ಲ.

“ಗುರುಗಳೇ, ಹೊಸ ಟಿ.ವಿ. ಚಾನೆಲ್ಲಿನವರು ನಾನು ಬರೆದ ಲೋಗೋವನ್ನು ಎರಡು ಸಲ ವಾಪಸ್ ಕಳಿಸಿದ್ದಾರೆ. ಇವತ್ತು ಸಂಜೆಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ. ಹತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು.”

“ತೋರಿಸು.”

ಲ್ಯಾಪ್‌ಟಾಪಿನಲ್ಲಿ ಏಳು ಬಣ್ಣದ ನವಿಲು. ಹತ್ತು ಸೆಕೆಂಡಿಗೊಮ್ಮೆ ಗರಿ ಬಿಚ್ಚಿ ಕುಣಿಯುತ್ತಿತ್ತು.

“ಚೆನ್ನಾಗಿ ಕುಣಿಯುತ್ತೆ. ಎಲ್ಲಿರುತ್ತೆ ಇದು?”

“ಪರದೆಯ ಮೂಲೆಯಲ್ಲಿ. ಇಡೀ ದಿನ.”

“ಯಾರೋ ಸತ್ತ ಸುದ್ದಿ ಬಂದಾಗ?”

“ಆಗಲೂ.”

“ಆಗಲೂ ಕುಣಿಯುತ್ತಾ?”

ಇಂದುಧರ ಎರಡು ಹೆಜ್ಜೆ ಆಚೆ ಹೋದ, ತಿರುಗಿ ಬಂದ. “ಕುಣಿತ ನಿಲ್ಲಿಸುತ್ತೇನೆ. ಆದರೆ ಅವರ ತಕರಾರು ಬೇರೆ. ಫೋನಿನಲ್ಲಿ ನೋಡಿದರೆ ಕೋಳಿಯ ಹಾಗೆ ಕಾಣುತ್ತಂತೆ. ಕಪ್ಪುಬಿಳುಪಿನಲ್ಲಿ ಮಸಿ ಚೆಲ್ಲಿದ ಹಾಗಿದೆಯಂತೆ. ಇನ್ನೇನು ಸೇರಿಸಲಿ, ಹೇಳಿ.”

“ಮೊದಲು ದ್ಯಾಮವ್ವನ ಹತ್ತಿರ ಹೋಗಿ ನನ್ನ ಪಂಚೆ ತಾ.”

“ಈಗಲಾ?”

“ಉಡಬೇಕಲ್ಲಪ್ಪ.”

ಊರಿನ ಬಟ್ಟೆ ಒಗೆಯುವ ದ್ಯಾಮವ್ವ ಕೆಳಗೆ, ಕಲ್ಲಿನ ಹತ್ತಿರ ಇದ್ದಳು. ಪಕ್ಕದಲ್ಲಿ ಒಗೆದು ಒಣಗಿಸಿದ ಪಂಚೆಗಳ ರಾಶಿ. ಇಂದುಧರ ಒಂದನ್ನು ಎತ್ತಿದ, ಬಿಟ್ಟ. ಇನ್ನೊಂದನ್ನು ಎತ್ತಿದ. ಗಡಿಯಾರ ನೋಡಿಕೊಂಡ.

“ಏನ್ ತಮ್ಮಾ, ಹೆಣ್ಣು ನೋಡೋಕೆ ಬಂದಂಗೆ ಒಂದೊಂದೇ ನೋಡ್ತೀಯ?”

“ಎಲ್ಲಾ ಬಿಳಿಯೇ ಇದೆಯಲ್ಲಮ್ಮ. ಗುರುಗಳದ್ದು ಯಾವುದು?”

ದ್ಯಾಮವ್ವ ಮೂಲೆಗಳನ್ನಷ್ಟೇ ಹೆಬ್ಬೆರಳಿನಿಂದ ತಿರುಗಿಸುತ್ತ ಹೋಗಿ ಒಂದು ಪಂಚೆಯನ್ನು ಎಳೆದು ಕೊಟ್ಟಳು. ಅದರ ಮೂಲೆಯಲ್ಲಿ ಕರಿಗೇರು ಕಾಯಿಯ ಕಪ್ಪು ರಸದಿಂದ ಹಾಕಿದ ಗುರುತು: ಎರಡು ಚುಕ್ಕೆ, ಒಂದು ಓರೆ ಗೆರೆ.

“ಇಷ್ಟೇನಾ?”

“ಇಷ್ಟೇ ಇರೋದಕ್ಕೇ ಸಿಕ್ತು. ಮುದುರಿದ್ರೂ ಸಿಗ್ತದೆ, ತಲೆಕೆಳಗಾದ್ರೂ ಸಿಗ್ತದೆ. ಒಂದು ಮನೇದು ಇನ್ನೊಂದು ಮನೇದರಂಗೆ ಇರಬಾರದು, ಅಷ್ಟೇ.”

“ರೇಷ್ಮೆ ಬಟ್ಟೆಗೆ ಬೇರೆ ಗುರುತಾ?”

“ಯಾಕೆ? ರೇಷ್ಮೆ ಉಟ್ಟರೆ ಮನೆ ಬದಲಾಗ್ತದಾ?”

ಇಂದುಧರ ಮೆಟ್ಟಿಲು ಹತ್ತಿ ಬಂದ. ಪಂಚೆಯನ್ನು ಗುರುಗಳ ಕೈಗಿಟ್ಟು ಚಾಪೆಯ ಮೇಲೆ ಕೂತ.

ಲ್ಯಾಪ್‌ಟಾಪಿನ ನವಿಲಿನಿಂದ ಬಣ್ಣಗಳನ್ನು ತೆಗೆದ. ಗರಿಗಳನ್ನು ತೆಗೆದ. ಕಾಲನ್ನು ತೆಗೆಯುವಾಗ ಕೈ ತಡೆಯಿತು, ಆದರೂ ತೆಗೆದ. ಕೊನೆಗೆ ಕೊರಳಿನ ಒಂದು ಬಾಗು, ಕಣ್ಣಿನ ಒಂದು ಚುಕ್ಕೆ ಉಳಿಯಿತು.

ಉಗುರಿನಷ್ಟು ಚಿಕ್ಕದು ಮಾಡಿದ. ನವಿಲೇ. ಬರೀ ಕಪ್ಪಿನಲ್ಲಿ ನೋಡಿದ. ನವಿಲೇ. ಮದುವೆಯ ಚಿತ್ರದ ಮೂಲೆಯಲ್ಲಿಟ್ಟ, ನೆರೆ ನುಗ್ಗಿದ ಊರಿನ ಚಿತ್ರದ ಮೂಲೆಯಲ್ಲಿಟ್ಟ. ಎರಡರಲ್ಲೂ ಅದು ತನ್ನ ಪಾಡಿಗೆ ತಾನಿತ್ತು.

ಕಳಿಸುವ ಗುಂಡಿಯ ಮೇಲೆ ಬೆರಳು ನಿಂತುಬಿಟ್ಟಿತು.

“ಗುರುಗಳೇ, ಇಷ್ಟಕ್ಕೆ ಇಷ್ಟು ದಿನ ಬೇಕಾಯಿತಾ ಅಂತ ಅವರು ನಕ್ಕರೆ?”

ಗುರುಗಳು ಒಳಗೆ ಹೋಗಿ ಒಂದು ಸೀರೆ ತಂದರು. ಕಳೆದ ಮಾಘದಲ್ಲಿ ತೀರಿಹೋದ ಅವರ ಹೆಂಡತಿಯದು. ಒಂದು ಕಾಲಕ್ಕೆ ಹಸಿರಿದ್ದಿರಬೇಕು. ಅಂಚು ಸವೆದು ನೂಲು ಎದ್ದಿತ್ತು. ಸೆರಗಿನ ಮೂಲೆಯಲ್ಲಿ ಎರಡು ಚುಕ್ಕೆ, ಒಂದು ಓರೆ ಗೆರೆ. ಅವು ಮಾತ್ರ ಕಪ್ಪಗೇ ಇದ್ದವು.

ಇಂದುಧರ ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಗುಂಡಿ ಒತ್ತಿದ.

“ನಗಬಹುದು,” ಎಂದರು ಗುರುಗಳು, ಸೀರೆಯನ್ನು ಹಳೆಯ ಮಡಿಕೆಗೇ ಮಡಚುತ್ತ. “ಹೊಸ ಸೀರೆಯ ಮೇಲೆ ಇದನ್ನು ಕಂಡ ದಿನ ಅವಳೂ ದ್ಯಾಮವ್ವನ ಜೊತೆ ಮಾತು ಬಿಟ್ಟಿದ್ದಳು.”