ಅಂಬಿಗನ ಆಣೆ

ಕೊಟ್ರಗೌಡ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಇಪ್ಪತ್ತು ವರ್ಷದಿಂದ ದಿನಾ ಸಂಜೆ ಕುಡಿಯುತ್ತೇನೆ, ಗುರುಗಳೆ. ನಿಮ್ಮ ಮುಂದೆ ಸುಳ್ಳೇಕೆ? ಆದರೆ ಬೆಳಗಾದರೆ ನಶೆ ಇಳಿದಿರುತ್ತದೆ. ಊರವರ ಜಗಳ ಬಗೆಹರಿಸುತ್ತೇನೆ, ಒಂದು ಮಾತೂ ಮರೆಯುವುದಿಲ್ಲ. ಹೆಂಡ ಮಿದುಳನ್ನೇ ಕೆಡಿಸುತ್ತದೆ ಎನ್ನುತ್ತಾರಲ್ಲ, ಕೆಟ್ಟಿದ್ದರೆ ಮೊದಲು ನನಗಲ್ಲವೇ ಗೊತ್ತಾಗಬೇಕು?"

ಗುರುಗಳು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ಹಾಕುವುದರಲ್ಲಿ ಎತ್ತಿದ ಕೈ. ಕುಡಿಯುವುದರಲ್ಲೂ ಕೈ ಇಳಿದದ್ದಿಲ್ಲ. ಮೂವತ್ತು ವರ್ಷ ಹಾಗೇ ನಡೆಯಿತು. ಮಗಳು ಬಾಣಂತನಕ್ಕೆ ತವರಿಗೆ ಬಂದ ದಿನ ಹೆಂಡದ ಗಡಿಗೆಯನ್ನು ತಾನೇ ಒಡೆದು ಹಾಕಿದ. ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ಊರು ಭೇಷ್ ಎಂದಿತು.

ಅವನ ಹೆಂಡತಿಗೆ ಮಾತ್ರ ಒಳಗೊಳಗೇ ಅಳುಕು. ಉಂಡು ಕೈ ತೊಳೆದವನು, ಇನ್ನೂ ಅನ್ನ ಹಾಕಿಲ್ಲವೇಕೆ ಎಂದು ಕೇಳುತ್ತಿದ್ದ. ನಿನ್ನೆ ಎಲ್ಲಿದ್ದೆ ಎಂದರೆ, ಹೋಗದ ಸಂತೆಯ ಸುದ್ದಿಯನ್ನು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಬಾಯಿ ಬಿಟ್ಟು ಆಡಿದರೆ ಬೇಸತ್ತು ಮತ್ತೆ ಹೆಂಡದಂಗಡಿಗೆ ಹೋದಾನು ಎಂದು ಅವಳು ತುಟಿ ಬಿಚ್ಚಲಿಲ್ಲ. ಅದು ಅವಳು ಮಾಡಿದ ತಪ್ಪು.

ಆ ಹೊಳೆಯ ಅಂಬಿಗರಲ್ಲಿ ಒಂದು ಕಟ್ಟುಪಾಡು ಇತ್ತು. ಹೊಸ ನೀರು ಬಂದರೆ ಸುಳಿಗಳು ಜಾಗ ಬದಲಿಸುತ್ತವೆ. ನಿನ್ನೆಯ ದಾರಿ ಇಂದು ದಾರಿಯಲ್ಲ. ಹಾಗಾಗಿ ಮೊದಲು ಅಂಬಿಗನೊಬ್ಬನೇ ಗಳ ಊರಿ ನೋಡುತ್ತ ಆ ದಡ ಮುಟ್ಟಿ ಬರಬೇಕು. ಆಮೇಲೆಯೇ ಜನರನ್ನು ಹತ್ತಿಸಿಕೊಳ್ಳಬೇಕು. ಈ ಕಟ್ಟು ಮುರಿದ ಅಂಬಿಗನನ್ನು ಹೊಳೆ ಎಂದೂ ಬಿಟ್ಟದ್ದಿಲ್ಲ.

ಮಗಳು ಗಂಡನ ಮನೆಗೆ ಹೊರಡುವ ದಿನವೇ ಹೊಳೆಗೆ ಹೊಸ ನೀರು ಬಂತು. ತಾಯಿ ಬುತ್ತಿ ಕಟ್ಟಿಕೊಂಡು ದಡಕ್ಕೆ ಬಂದಾಗ ಏಳೆಂಟು ಜನ ಕಾದಿದ್ದರು. ಮಗಳು ಮೂರು ತಿಂಗಳ ಕೂಸನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬಾಣಂತಿ ಹೊಳೆ ದಾಟುವಾಗ ಜೊತೆಗೆ ಕಬ್ಬಿಣವಿರಬೇಕೆಂದು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡಿದ್ದಳು. ಕೆಂಪು ನೀರು ಭೋರೆನ್ನುತ್ತಿತ್ತು.

"ದಾರಿ ನೋಡಿ ಬಂದ್ಯಾ?" ಎಂದು ತಾಯಿ ಗಂಡನನ್ನು ಕೇಳಿದಳು.

"ಹೊತ್ತು ಮೂಡೋದರಾಗ ಹೋಗಿ ಬಂದೀನಿ. ಸುಳಿ ಈ ಸಲ ಎಡಕ್ಕ ಸರದೈತಿ. ಆ ದಂಡ್ಯಾಗ ಒಬ್ಬಾಕಿ ಎಮ್ಮೆ ಮೈ ತೊಳೀತಿದ್ಲು, ಆಕಿನ್ನೂ ಮಾತಾಡಿಸಿ ಬಂದೆ."

ಜನರಿಗೆ ಧೈರ್ಯ ಬಂತು. ಇಬ್ಬರು ಹೋಗಿ, ದಡದಲ್ಲಿ ಬೋರಲು ಹಾಕಿದ್ದ ಹರಿಗೋಲಿಗೆ ಕೈ ಹಚ್ಚಿದರು. ತಾಯಿಯೂ ಕೈ ಕೊಟ್ಟಳು. ಹರಿಗೋಲಿನ ತೊಗಲು ಒಣಗಿ ಹಪ್ಪಳವಾಗಿತ್ತು. ಬೆಳಿಗ್ಗೆ ನೀರು ಕಂಡ ತೊಗಲು ಇಷ್ಟು ಬೇಗ ಹೀಗೆ ಒಣಗುವುದಿಲ್ಲ.

"ಇದು ನೀರಿಗೇ ಇಳಿದಿಲ್ಲ!" ಎಂದಳು.

ಅಂಬಿಗ ನೊಂದುಕೊಂಡ. ನೆಟ್ಟಗೆ ಹೋಗಿ ಕೂಸಿನ ತಲೆಯ ಮೇಲೆ ಕೈ ಇಟ್ಟ. "ಈ ಕೂಸಿನ ಆಣೆ. ನಾ ಹೋಗಿ ಬಂದೀನಿ" ಎಂದ.

ಅವನ ಬಾಯಲ್ಲಿ ಹೆಂಡದ ವಾಸನೆಯಿರಲಿಲ್ಲ. ಕಣ್ಣಲ್ಲಿ ಕಪಟವಿರಲಿಲ್ಲ. ಮೊಮ್ಮಗುವೆಂದರೆ ಅವನಿಗೆ ಪ್ರಾಣ. ಅದರ ತಲೆ ಮುಟ್ಟಿ ಸುಳ್ಳಾಡುವವನಲ್ಲ ಎಂದು ಎಲ್ಲರಿಗಿಂತ ಹೆಚ್ಚಾಗಿ ಬಲ್ಲವಳು ಹೆಂಡತಿಯೇ. ಒಂದು ಗಳಿಗೆ, ಒಣ ತೊಗಲನ್ನು ಮುಟ್ಟಿದ ತನ್ನ ಕೈಯನ್ನೇ ಅವಳು ನಂಬದಾದಳು. ಅಷ್ಟರಲ್ಲಿ ಹರಿಗೋಲು ನೀರಿನ ಅಂಚಿಗೆ ಬಂದಿತ್ತು. ಮಗಳು ಸೀರೆ ಎತ್ತಿ ಕಟ್ಟಿ ಒಂದು ಕಾಲು ಒಳಗಿಟ್ಟಳು.

ತಾಯಿ ಮಗಳ ಸೊಂಟದ ಕುಡುಗೋಲನ್ನು ಕಿತ್ತುಕೊಂಡು, ಅವಳನ್ನು ಆಚೆ ನೂಕಿದಳು. ಬಾಗಿ, ಹರಿಗೋಲಿನ ತೊಗಲನ್ನು ಈ ತುದಿಯಿಂದ ಆ ತುದಿಗೆ ಸೀಳಿದಳು. ಮನೆಯವರೆಲ್ಲರ ಅನ್ನ ಅದೊಂದರಲ್ಲಿತ್ತು. ಜನ ಹುಚ್ಚಿ ಎಂದರು. ಅಂಬಿಗ ಹೊಡೆಯಲು ಕೈ ಎತ್ತಿದ, ಹೊಡೆಯದೆ ಕುಸಿದು ಕೂತ. ಒಬ್ಬೊಬ್ಬರೇ ಬೈಯುತ್ತ ಮನೆಗೆ ಹೋದರು. ಮಗಳೂ ಅಳುತ್ತ ಅವರ ಹಿಂದೆ ನಡೆದಳು. ತಾಯಿ ಅಲ್ಲೇ ನಿಂತಳು. ತಾನು ಮಾಡಿದ್ದು ಸರಿಯೋ ತಪ್ಪೋ ಅವಳಿಗೇ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಂಬಿಗ ತಲೆಯೆತ್ತಿ ಹರಿಗೋಲು ನೋಡಿದ. "ಅಯ್ಯೋ, ಇದನ್ನ ಯಾರು ಹರದ್ರು?" ಎಂದು ಕೇಳಿದ. ಅವಳು ಉತ್ತರ ಹುಡುಕುವಷ್ಟರಲ್ಲಿ ತಾನೇ ಹೇಳಿದ: "ಹಾಂ, ನೆನಪಾತು. ಬೆಳಿಗ್ಗೆ ದಾರಿ ನೋಡಾಕ ಹೋದಾಗ ಬಂಡೆಗಲ್ಲಿಗೆ ತಾಗಿತ್ತು. ಪುಣ್ಯಕ್ಕ ನಾ ಬದುಕಿ ಬಂದೆ."

ಅವಳು ಮರಳಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೊಳೆಗೆ ಹೆದರಿ ಅತ್ತದ್ದಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಗೌಡನಿಗೆ ಸಿಟ್ಟು ಬಂದಿತ್ತು. "ಕೂಸಿನ ತಲೆ ಮುಟ್ಟಿ ಸುಳ್ಳಾಣೆ ಇಟ್ಟನಲ್ಲ, ಎಂಥ ಪಾಪಿ!" ಎಂದ.

"ಸುಳ್ಳೆಂದು ಗೊತ್ತಿದ್ದರೆ ತಾನೇ ಸುಳ್ಳಾಣೆ? ನೆನಪು ಹರಿದು ತೂತಾದಲ್ಲೆಲ್ಲ ಅವನ ತಲೆ ತಾನೇ ತೇಪೆ ಹಚ್ಚುತ್ತಿತ್ತು. ತೇಪೆ ಯಾವುದು, ಬಟ್ಟೆ ಯಾವುದು, ಅವನಿಗೆ ತಿಳಿಯುವಂತಿರಲಿಲ್ಲ. ಕುಡಿತ ಬಿಟ್ಟ ಮೇಲೂ ಹೋದದ್ದು ಬಂದಿರಲಿಲ್ಲ."

"ಹಾಗಾದರೆ ನನ್ನ ತಲೆ ಸರಿಯಿದೆ ಎಂದು ನಾನು ಆಣೆಯಿಟ್ಟು ಹೇಳಿದರೂ ನೀವು ನಂಬುವುದಿಲ್ಲವೇ?"

ಗುರುಗಳು ಅವನ ಮುಖವನ್ನು ನೋಡಿ ಕೇಳಿದರು: "ನಿನ್ನ ಹೆಂಡತಿ ಏನನ್ನುತ್ತಾಳೆ?"

ಕೊಟ್ರಗೌಡ ಅವಳನ್ನೇ ಕೇಳಲು ಎದ್ದು ಮನೆಯ ದಾರಿ ಹಿಡಿದ.