ಒರಟು ಬೆಲ್ಟಿನ ಕ್ಷೌರದ ಕತ್ತಿ

ಹುಬ್ಬಳ್ಳಿಯ ಚಾಕು ಕಾರ್ಖಾನೆಯ ಸಾವುಕಾರ ಮುರಿಗೆಪ್ಪನವರಿಗೆ ಒಂದು ದಿನ ಜ್ಞಾನೋದಯವಾಯಿತು.

"ಇನ್ನ ಮ್ಯಾಲೆ ಸಾಣಿ ಯಂತ್ರಕ್ಕ ಒರಟ ಬೆಲ್ಟ್ ಒಂದ ಸಾಕು. ಅಂಚು ನುಣುಪು ಮಾಡೋ ನಯದ ಬೆಲ್ಟ್ ಬರೇ ಶೋಕಿ. ಎದುರು ಮಾತಾಡಾವ್ರು ನಾಳೆಯಿಂದ ಬರಬ್ಯಾಡ್ರಿ!"

ಸಾಣೆ ಹಿಡಿಯುವ ದಾವಲಸಾಬನಿಗೆ ಕೆಲಸ ಬೇಕಿತ್ತು, ಒಳ್ಳೆಯ ಕೆಲಸಗಾರನೆಂಬ ಹೆಸರೂ ಉಳಿಯಬೇಕಿತ್ತು. "ಎಂಥಾ ತಲಿ ಸಾವ್ಕಾರ್ರ ನಿಮ್ದು!" ಎಂದು ಹೊಗಳಿ, ಒರಟು ಬೆಲ್ಟಿನಲ್ಲೇ ಒಂದು ಕ್ಷೌರದ ಕತ್ತಿ ಉಜ್ಜಿದ. ಅಂಚು ಗರಗಸದಂತಾಯಿತು. ಅದಕ್ಕೆ ಹೂ ಏರಿಸಿ, ಕ್ಷೌರಿಕನನ್ನೂ ಕರೆತಂದು, ಎಲ್ಲರೆದುರು ಸಾವುಕಾರರ ಮುಂದೆ ನಿಂತ.

"ನಿಮ್ಮ ಹೊಸ ಪದ್ಧತಿಯ ಮೊದಲನೇ ಕತ್ತಿ. ಮೊದಲನೇ ಗಡ್ಡಾನೂ ನಿಮ್ದ ಆಗಬೇಕ್ರಿ."

ಮುರಿಗೆಪ್ಪನವರು ಅಂಚಿನ ಮೇಲೆ ಬೆರಳಾಡಿಸಿದರು. ಮರುಕ್ಷಣವೇ ಆ ಕೈ ಗಲ್ಲ ಮುಚ್ಚಿಕೊಂಡಿತು.

"ಇವತ್ತ ಸೋಮವಾರ. ನಾ ಗಡ್ಡಾ ತೆಗಸೂದಿಲ್ಲ."

"ಹಂಗಾರ ನಾಳೆ?"

"ನಾಳೆ ನಯದ ಬೆಲ್ಟ್ ತರಸ್ತೀನಿ! ಮೊದಲ ಅದನ್ನ ಅತ್ಲಾಗ ಸರಸೋ!"